ಠರಾವು ಕಡತದಲ್ಲಿ, ಗಿರಾಕಿ ಬಸ್ಸಿನಲ್ಲಿ!

ವರ್ತಕರ ಸಭೆ ಎಂದರೆ ಗೊತ್ತೇ ಇದೆಯಲ್ಲ. ಹಾರ, ತುರಾಯಿ, ಭಾಷಣ, ಕೊನೆಗೆ ಖಾರಾ-ಕಾಫಿ. ‘ವ್ಯಾಪಾರ ಅಭಿವೃದ್ಧಿ ಯೋಜನೆ’ ಎಂದು ಹತ್ತಂಶದ ಠರಾವು ಪಾಸು. ಮಾರನೇ ಬೆಳಿಗ್ಗೆ ಷಟರ್ ಎತ್ತಿದರೆ ಅದೇ ಧೂಳು, ಅದೇ ‘ಚಿಲ್ಲರೆ ಇಲ್ಲ’, ಅದೇ ‘ನಾಳೆ ಬನ್ನಿ’. ಅತ್ತ ಗಿರಾಕಿ ಮೊಬೈಲ್ ಒತ್ತಿ ಮನೆ ಬಾಗಿಲಿಗೇ ಸಾಮಾನು ತರಿಸಿಕೊಳ್ಳುತ್ತಿದ್ದಾನೆ. ಆಮೇಲೆ ‘ವ್ಯಾಪಾರ ಬಿದ್ದೋಯ್ತು ಸ್ವಾಮಿ’ ಎಂಬ ಗೋಳು!

ಯೋಜನೆ ಕೆಟ್ಟದ್ದೇನಲ್ಲ. ಅದನ್ನು ದಿನದ ಕೆಲಸಕ್ಕೆ ಇಳಿಸುವವರು ಯಾರು?

ಜಪಾನಿನ ಟೊಯೋಟಾ ಕಂಪನಿಯ ಕಥೆ ಕೇಳಿ. ಯುದ್ಧದಲ್ಲಿ ದೇಶ ಸೋತು ಸುಣ್ಣವಾಗಿತ್ತು. 1950ರ ಹೊತ್ತಿಗೆ ಕಂಪನಿಯೂ ದಿವಾಳಿ ಅಂಚಿಗೆ ಬಂತು, ಮುಷ್ಕರವೂ ಆಯಿತು. ಅಮೆರಿಕದ ಕಾರು ಕಂಪನಿಗಳನ್ನು ಸರಿಗಟ್ಟಬೇಕೆಂಬ ಗುರಿ ಇತ್ತು, ಗಂಟು ಇರಲಿಲ್ಲ. 1951ರಲ್ಲಿ ‘ಕೆಲಸ ಸುಧಾರಿಸಲು ನಿಮಗೇನು ತೋಚುತ್ತೆ, ಹೇಳಿ’ ಎಂದು ಕಾರ್ಮಿಕರನ್ನೇ ಕೇಳುವ ಪದ್ಧತಿ ತಂದರು. ಯಂತ್ರದ ಮುಂದೆ ನಿಂತವನಿಗೆ ದೋಷ ಕಂಡರೆ ಹಗ್ಗ ಎಳೆಯಬಹುದು. ದೀಪ ಹತ್ತುತ್ತದೆ, ಮೇಲಿನವರು ಓಡಿಬರುತ್ತಾರೆ, ಸರಿಹೋಗದಿದ್ದರೆ ಕೆಲಸವೇ ನಿಲ್ಲುತ್ತದೆ. ದಿನಕ್ಕಿಷ್ಟು ಸುಧಾರಣೆ, ಇದಕ್ಕೇ ಅವರು ‘ಕೈಜೆನ್’ ಅನ್ನುವುದು. 1999ರಲ್ಲಿ ನಮ್ಮ ಬಿಡದಿಯಲ್ಲೂ ಅದೇ ಕಂಪನಿಯ ಕಾರು ತಯಾರಿಕೆ ಶುರುವಾಯಿತು.

ಇನ್ನೊಂದು ಸ್ವಾರಸ್ಯ. ಖರ್ಚಾದಷ್ಟೇ ಬಿಡಿಭಾಗ ತರಿಸುವ ಪದ್ಧತಿಯನ್ನು ಅಲ್ಲಿನ ತೈಚಿ ಓನೊ ಎಂಬ ಎಂಜಿನಿಯರ್ ಕಲಿತದ್ದು ಅಮೆರಿಕದ ಸೂಪರ್‌ಮಾರ್ಕೆಟ್ಟಿನಿಂದ. ಕಾರು ಮಾಡುವವನು ಅಂಗಡಿಯವನಿಂದ ಕಲಿತ. ಅಂಗಡಿಯವರಾದ ನಾವು?

ಓನೊ ಯಾವ ತೊಂದರೆಗೂ ಐದು ಸಲ ‘ಯಾಕೆ’ ಎಂದು ಕೇಳಿ ಎನ್ನುತ್ತಿದ್ದ. ಕೇಳೋಣ. ಸಂಜೆ ಹಳ್ಳಿ ಬಸ್ಸಿಗೆ ಹೊರಟ ಗಿರಾಕಿ ಬರಿಗೈಲಿ ಹೋದ. ಯಾಕೆ? ಸಕ್ಕರೆ ಕಟ್ಟುವಷ್ಟರಲ್ಲಿ ಬಸ್ಸು ಹೊರಟಿತು. ಯಾಕೆ ತಡ? ಆಗಿನ್ನೂ ತೂಗುತ್ತಿದ್ದರು. ಯಾಕೆ? ಮಧ್ಯಾಹ್ನ ಖಾಲಿ ಇದ್ದಾಗ ಪೊಟ್ಟಣ ಕಟ್ಟಿಡಲಿಲ್ಲ. ಯಾಕೆ? ಯಾರೂ ಹೇಳಲಿಲ್ಲ. ಯಾಕೆ? ಕೆಲಸದ ಹುಡುಗನಿಗೆ ಅದು ತೋಚಿದ್ದರೂ, ಬಾಯಿಬಿಟ್ಟರೆ ಯಜಮಾನರು ಗದರುತ್ತಾರೆ!

ಮದ್ದು ಇರುವುದು ಅಲ್ಲೇ. ಎರಡು ರೂಪಾಯಿ ಖರ್ಚಿಲ್ಲ. ಗಲ್ಲಾದ ಪಕ್ಕ ಒಂದು ನೋಟ್‌ಬುಕ್ ಇಡಿ. ‘ಇಲ್ಲ’ ಎಂದು ವಾಪಸ್ ಕಳಿಸಿದ ಸಾಮಾನು ಬರೆಯಿರಿ. ವಾರಕ್ಕೊಂದು ತೊಂದರೆ ಹಿಡಿದು ಸರಿಮಾಡಿ. ಹುಡುಗನನ್ನು ಕೇಳಿ. ಆದರೆ ಸುಧಾರಣೆ ಹೆಸರಲ್ಲಿ ಅವನನ್ನೇ ಇನ್ನೆರಡು ಗಂಟೆ ದುಡಿಸಬೇಡಿ. ಲಾಭ ಬಂದರೆ ಅವನ ಸಂಬಳಕ್ಕೂ ಸೇರಲಿ.

ಪಟ್ಟಣದ ಬಸ್ಸು ಹಿಡಿಯುವವರು ಒಮ್ಮೆ ಬೇರೆ ಕಡೆ ರೂಢಿಯಾದರೆ ತಿರುಗಿ ಬರುವುದಿಲ್ಲ. ಮುಂದಿನ ಸಭೆಯಲ್ಲಿ ಹಾರ ಆಮೇಲಿರಲಿ. ಹಳೇ ಠರಾವಿನಲ್ಲಿ ಎಷ್ಟು ಜಾರಿಯಾಯ್ತು, ಅದನ್ನು ಮೊದಲು ಓದಿ. ಪದಾಧಿಕಾರಿಗಳು ಗಮನಿಸುವರೇ?