ಗೊಬ್ಬರದ ಲೆಕ್ಕವೂ ಕ್ವಾಂಟಂ ಗಣಕವೂ

ಮುಂಗಾರು ಸಮೀಪಿಸಿತೆಂದರೆ ಶಿಗ್ಗಾಂವ, ಸವಣೂರು, ಹಾನಗಲ್ಲ, ಹಿರೇಕೆರೂರು ಭಾಗದ ಗೊಬ್ಬರ ವರ್ತಕರಿಗೆ ನಿದ್ರೆ ಹತ್ತುವುದಿಲ್ಲ. ಗೋವಿನಜೋಳಕ್ಕೆ ಯೂರಿಯಾ ಬೇಕೇ ಬೇಕು. 2008ರ ಜೂನ್‌ನಲ್ಲಿ ಹಾವೇರಿಯಲ್ಲಿ ಗೊಬ್ಬರಕ್ಕಾಗಿ ಬೀದಿಗಿಳಿದ ರೈತರ ಮೇಲೆ ಗೋಲಿಬಾರ್ ಆಗಿ ಪ್ರಾಣಹಾನಿ ಸಂಭವಿಸಿದ್ದನ್ನು ಈ ಜಿಲ್ಲೆ ಮರೆತಿಲ್ಲ. ಕ್ವಾಂಟಂ ಗಣಕವನ್ನು ಬೆಂಗಳೂರಿನವರ ವಿಷಯವೆಂದು ನಾವು ಬದಿಗಿಡಬಾರದೆಂದು ನಾನು ಹೇಳುವುದು ಈ ಯೂರಿಯಾದ ಕಾರಣದಿಂದಲೇ.

ಯೂರಿಯಾದ ಮೂಲ ಅಮೋನಿಯಾ. ಅದನ್ನು ತಯಾರಿಸಲು ಕಾರ್ಖಾನೆಗೆ ನೈಸರ್ಗಿಕ ಅನಿಲ, 400ರಿಂದ 500 ಡಿಗ್ರಿ ಶಾಖ ಮತ್ತು ವಾತಾವರಣಕ್ಕಿಂತ ನೂರು ಪಟ್ಟಿಗೂ ಮೀರಿದ ಒತ್ತಡ ಬೇಕು. ನಮ್ಮ ಶೇಂಗಾ, ತೊಗರಿಯ ಬೇರುಗಂಟಿನಲ್ಲಿರುವ ಸೂಕ್ಷ್ಮಾಣುಗಳಾದರೋ ಅದೇ ಕೆಲಸವನ್ನು ಹೊಲದ ಸಾಧಾರಣ ತಾಪದಲ್ಲಿಯೇ ಮುಗಿಸುತ್ತವೆ. ಅವುಗಳ ಕಿಣ್ವದ ನಡುವೆ 7 ಕಬ್ಬಿಣ, 9 ಗಂಧಕ, ತಲಾ ಒಂದು ಮಾಲಿಬ್ಡಿನಂ ಹಾಗೂ ಇಂಗಾಲದ ಪರಮಾಣುಗಳ ಗೊಂಚಲೊಂದಿದೆ. ಅದರ ಮರ್ಮ ಪೂರ್ತಿ ತಿಳಿದರೆ ಕಡಿಮೆ ಇಂಧನದಲ್ಲಿ ಗೊಬ್ಬರ ತಯಾರಿಸುವ ದಾರಿ ತೆರೆದೀತು.

ತೊಡಕಿರುವುದು ಲೆಕ್ಕದಲ್ಲಿ. ಪರಸ್ಪರ ಹೆಣೆದುಕೊಂಡ ಎಲೆಕ್ಟ್ರಾನುಗಳ ಸ್ಥಿತಿಯನ್ನು ಬರೆದಿಡಹೊರಟರೆ, ಒಂದೊಂದು ಕ್ಯೂಬಿಟ್‌ನಷ್ಟು ವಿವರ ಸೇರಿದಂತೆಲ್ಲ ಖಾತೆಪುಸ್ತಕ ಇಮ್ಮಡಿಯಾಗುತ್ತದೆ. 50 ಕ್ಯೂಬಿಟ್ ಆಗುವಷ್ಟರಲ್ಲಿ ಬರೆಯಬೇಕಾದ ಅಂಕಿಗಳು ಸಾವಿರ ಲಕ್ಷ ಕೋಟಿಯನ್ನು ಮೀರುತ್ತವೆ. ಆದುದರಿಂದ ವಿಜ್ಞಾನಿಗಳು ಕೆಲಸವನ್ನು ಹಂಚಿದ್ದಾರೆ. ಕ್ವಾಂಟಂ ಯಂತ್ರ ಆ ಸ್ಥಿತಿಯನ್ನೇ ತನ್ನೊಳಗೆ ರೂಪಿಸಿ ಅಳತೆ ಕೊಡುತ್ತದೆ. ಸಾಮಾನ್ಯ ಗಣಕವು ಅಳತೆಯ ದೋಷ ತಿದ್ದಿ, ಉಳಿದ ಲೆಕ್ಕ ಪೂರೈಸುತ್ತದೆ. ಎಪಿಎಂಸಿ ಅಂಗಳದ ತೂಕದವನೂ ಗುಮಾಸ್ತನೂ ಇದ್ದಂತೆ! 2025ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಐಬಿಎಂನ ಹೆರಾನ್ ಸಂಸ್ಕಾರಕವನ್ನು ಜಪಾನಿನ ಫುಗಾಕು ಮಹಾಗಣಕದೊಂದಿಗೆ ಜೋಡಿಸಿ, 77 ಕ್ಯೂಬಿಟ್‌ಗಳವರೆಗೆ ಬಳಸಿ, ಇದೇ ಬಗೆಯ ಚಿಕ್ಕ ಕಬ್ಬಿಣ-ಗಂಧಕ ಗೊಂಚಲುಗಳನ್ನು ಪರಿಶೀಲಿಸಲಾಯಿತು. ದೊರೆತ ಉತ್ತರ ಸಾಮಾನ್ಯ ಗಣಕದ ಅತ್ಯುತ್ತಮ ವಿಧಾನವನ್ನು ಹಿಂದಿಕ್ಕಲಿಲ್ಲವೆಂಬುದನ್ನೂ ಹೇಳಬೇಕು. ದಾಸ್ತಾನಿನ ಲೆಕ್ಕಕ್ಕೆ 'ಕ್ವಾಂಟಂ' ತಂತ್ರಾಂಶವೆಂದು ಯಾರಾದರೂ ಮಾರಲು ಬಂದರೆ ಸದಸ್ಯರು ಹಣ ಬಿಚ್ಚದಿರುವುದು ಲೇಸು.

ಕೇಂದ್ರ ಸರ್ಕಾರವು 2023ರಲ್ಲಿ ರಾಷ್ಟ್ರೀಯ ಕ್ವಾಂಟಂ ಮಿಷನ್‌ಗೆ 6,003.65 ಕೋಟಿ ರೂಪಾಯಿ ಮಂಜೂರು ಮಾಡಿತು; ರಾಜ್ಯ ಸರ್ಕಾರ 2025ರಲ್ಲಿ 1,000 ಕೋಟಿ ಘೋಷಿಸಿತು. ಅತಿಶೀತದಲ್ಲಿ ನಡೆಯುವ ಯಂತ್ರ ಬೆಂಗಳೂರಿನಲ್ಲಿಯೇ ಇರಲಿ, ನಮ್ಮ ತಕರಾರಿಲ್ಲ. ಗುಮಾಸ್ತನ ಪಾಲಿನ ಕೆಲಸ ಮಾತ್ರ ಸಾಮಾನ್ಯ ಗಣಕ, ಗಣಿತ ಮತ್ತು ರಸಾಯನಶಾಸ್ತ್ರದ್ದು. ಹಾವೇರಿಯ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿನಲ್ಲಿಯೂ ಅದನ್ನು ಕಲಿಸಬಹುದು. ಆ ವಿದ್ಯಾರ್ಥಿಗಳಿಗೆ ದೂರದಿಂದಲೇ ಯಂತ್ರ ಬಳಸುವ ಅವಕಾಶ ಕೊಡಬೇಕು, ಸಂಶೋಧನೆಯ ಪಟ್ಟಿಯಲ್ಲಿ ಔಷಧದಷ್ಟೇ ಗೊಬ್ಬರಕ್ಕೂ ಸ್ಥಾನವಿರಬೇಕು ಎಂದು ವಾಣಿಜ್ಯ ಸಂಸ್ಥೆಗಳು ಮುಂದಿನ ಆಯವ್ಯಯಕ್ಕೆ ಮುನ್ನವೇ ಸರ್ಕಾರಕ್ಕೆ ಲಿಖಿತ ಮನವಿ ಸಲ್ಲಿಸಬೇಕು.