ಕಾಕಾನ ತೆನೆಗೆ ಬಂದ ಗುಲಾಬಿ ಬೂಷ್ಟು

ದೀಪಾವಳಿಗೆ ಊರಿಗೆ ಹೋಗಿದ್ದೆ. ಗೋಕಾಕ ಫಾಲ್ಸ್‌ನಲ್ಲಿ ಘಟಪ್ರಭೆ ಇನ್ನೂ ಕೆಂಪಗೆ ಧುಮ್ಮಿಕ್ಕುತ್ತಿತ್ತು. ಅಷ್ಟು ಮಳೆ. ಕಾಕಾನ ಗೋವಿನಜೋಳ ಕಟಾವಿಗೆ ಬಂದಾಗಲೇ ನಾಲ್ಕು ದಿನ ಬಿಡದೆ ಸುರಿದಿತ್ತಂತೆ. ರಾಶಿಯಿಂದ ಒಂದು ತೆನೆ ಸುಲಿದು ನೋಡಿದರೆ, ಕಾಳಿನ ಮೇಲೆ ಗುಲಾಬಿ ಬೂಷ್ಟು.

"ರೋಗ ತಡ್ಕೋತೈತಿ ಅಂತ ನೀನಽ ಹೇಳಿದ್ದಿ ಅಲ್ಲೋ ತಮ್ಮಾ? ಹೋದ ವರ್ಷ ಛಲೋ ಬಂದಿತ್ತು. ಈ ಸಲ ಏನಾತು?"

ಕಾಕಾ ಬೈದಿದ್ದರೆ ಹಗುರಾಗುತ್ತಿತ್ತು. ಫೋನಿನಲ್ಲಿ ಎರಡು ವಿಡಿಯೋ ನೋಡಿ ಆ ಬೀಜ ಹಾಕಿ ಎಂದಿದ್ದು ನಾನೇ. ರಾತ್ರಿ ನಿದ್ದೆ ಬರಲಿಲ್ಲ, ಓದುತ್ತ ಕೂತೆ.

ಇಂಥ ಗುಲಾಬಿ ಬೂಷ್ಟು ಹೆಚ್ಚಾಗಿ ಫ್ಯುಸೇರಿಯಂ ಎಂಬ ಶಿಲೀಂಧ್ರದ್ದು. ಅದರ ಜೀವಕೋಶದ ಗೋಡೆಯಲ್ಲಿ ಕೈಟಿನ್ ಇರುತ್ತದೆ, ಏಡಿಯ ಚಿಪ್ಪಿನಲ್ಲಿರುವ ವಸ್ತುವೇ. ಗೋವಿನಜೋಳದ ಕಾಳು ಅದನ್ನು ಕತ್ತರಿಸಲೆಂದೇ ಕೈಟಿನೇಸ್ ಎಂಬ ಪ್ರೋಟೀನು ಇಟ್ಟುಕೊಂಡಿರುತ್ತದೆ. ಅದರ ಒಂದು ಭಾಗ ಕೈಟಿನ್ನನ್ನು ಹಿಡಿಯುವ ಕೈ, ಇನ್ನೊಂದು ಕತ್ತರಿ. ಶಿಲೀಂಧ್ರ ಸುಮ್ಮನಿರುತ್ತದೆಯೇ? ಅದು ಒಂದು ಕಿಣ್ವವನ್ನು ಹೊರಬಿಟ್ಟು ಆ ಕೈಯನ್ನೇ ತುಂಡು ಮಾಡುತ್ತದೆ. ಅಮೆರಿಕದ ಕೃಷಿ ಇಲಾಖೆಯ ವಿಜ್ಞಾನಿಗಳು 2011ರಲ್ಲಿ ಇದನ್ನು ತೋರಿಸಿದರು.

ಆಕಸ್ಮಿಕವಾಗಿ ಪ್ರೋಟೀನು ಚೂರು ಬದಲಾಗಿ, ಕಿಣ್ವದ ಹಿಡಿತಕ್ಕೆ ಸಿಗದ ಗಿಡ ಹುಟ್ಟಿದರೆ ಅದರ ಬೀಜ ಹೆಚ್ಚು ಉಳಿಯುತ್ತದೆ. ಆಮೇಲೆ ಆ ಹೊಸ ಪ್ರೋಟೀನನ್ನೂ ಕತ್ತರಿಸಬಲ್ಲ ಶಿಲೀಂಧ್ರ ಮೇಲುಗೈ ಪಡೆಯುತ್ತದೆ. ನಮ್ಮ ಕೆಲಸದಲ್ಲಿ "ಓಡ್ತಿರೋ ಕೋಡ್ ಮುಟ್ಟಬೇಡ" ಅಂತಾರೆ. ಪ್ರೋಟೀನಿನಲ್ಲೂ ಕೆಲಸ ನಡೆಯುವ ಜಾಗ ಸಾಮಾನ್ಯವಾಗಿ ಬದಲಾಗುವುದಿಲ್ಲ. ಆದರೆ ಸಾಸಿವೆ ಕುಟುಂಬದ ಅರಬಿಸ್ ಗಿಡಗಳ ಕೈಟಿನೇಸಿನಲ್ಲಿ ಅತಿ ಹೆಚ್ಚು ಬದಲಾವಣೆ ಆಗಿರುವುದು ಸರಿಯಾಗಿ ಅಲ್ಲೇ ಎಂದು 2000ದ ಒಂದು ಅಧ್ಯಯನ ಹೇಳಿತು. ಏಟು ಬೀಳುವುದು ಅಲ್ಲಿಗೇ ಇರಬೇಕು.

ಅಂದರೆ ರೋಗ ನಿರೋಧಕ ಅನ್ನೋದು ಒಮ್ಮೆ ಜಡಿದರೆ ಮುಗಿಯುವ ಬೀಗವಲ್ಲ. ಗಿಡಕ್ಕೆ ಹಂಗಾಮಿಗೊಂದು ತಲೆಮಾರು, ಶಿಲೀಂಧ್ರಕ್ಕೆ ಹಲವು. ಅದರ ಮೇಲೆ ಮಳೆಯೂ ಅದರ ಪಕ್ಷ ಸೇರಿದರೆ ಎಂಥ ಬೀಜವೂ ಸೋಲಬಹುದು. ನಾನು ಕಾಕಾನಿಗೆ ಹೇಳದೇ ಬಿಟ್ಟಿದ್ದು ಇದನ್ನೇ.

ಬೆಳಿಗ್ಗೆ ಎದ್ದರೆ ಕಾಕಾ ಬೂಷ್ಟು ಹಿಡಿದ ತೆನೆಗಳನ್ನು ಬೇರೆ ಮಾಡುತ್ತಿದ್ದರು. "ಇವನ್ನ ಒಣಗಿಸಿ ಎಮ್ಮಿಗೆ ಹಾಕೂಣು. ಸ್ವಲ್ಪ ಹಿಟ್ಟಿಗೂ ಆಗ್ತೈತಿ."

"ಬ್ಯಾಡ್ರಿ ಕಾಕಾ!" ಅಂದೆ, ಸ್ವಲ್ಪ ಜೋರಾಗೇ. ಈ ಶಿಲೀಂಧ್ರ ಫ್ಯುಮೋನಿಸಿನ್ ಎಂಬ ವಿಷ ಬಿಡುತ್ತದೆ. ಒಣಗಿಸಿದರೆ ಬೂಷ್ಟು ಬೆಳೆಯುವುದು ನಿಲ್ಲುತ್ತದೆ, ಆಗಲೇ ಸೇರಿದ ವಿಷ ಹೋಗುವುದಿಲ್ಲ. 1995ರಲ್ಲಿ ದಖ್ಖನ್ ಪ್ರಸ್ಥಭೂಮಿಯ ಕೆಲವು ಹಳ್ಳಿಗಳಲ್ಲಿ ಮಳೆಗೆ ನೆನೆದು ಬೂಷ್ಟು ಹಿಡಿದ ಜೋಳ, ಗೋವಿನಜೋಳ ತಿಂದವರಿಗೆ ಹೊಟ್ಟೆನೋವು, ಭೇದಿ ಶುರುವಾಗಿತ್ತು. ಕಾರಣ ಇದೇ ವಿಷ.

ಕಾಕಾ ರಾಶಿಯನ್ನೇ ನೋಡುತ್ತ ನಿಂತರು. ಬೆವರು ಸುರಿಸಿ ಬೆಳೆದದ್ದು, ಚೆಲ್ಲು ಅನ್ನೋದು ನನಗೆ ಸುಲಭ. ಕಡೆಗೆ ಇಬ್ಬರೂ ಸೇರಿ ತಗ್ಗು ತೋಡಿ ಎರಡು ಚೀಲ ಹೂತೆವು.

"ಮುಂದಿನ ವರ್ಷ ಯಾವ ಬೀಜಪಾ ಹಂಗಾರ?"

"ಒಂದನ್ನಽ ನಂಬೂದು ಬ್ಯಾಡ್ರಿ. ಎರಡು ತಳಿ ಹಾಕೂಣು. ಮತ್ತ ಮಳಿ ಬರೂದರಾಗ ಕಿತ್ತು ಒಣಗಸೂಣು. ಕಟಾವಿಗೆ ನಾನೂ ರಜಾ ಹಾಕಿ ಬರ್ತೀನಿ."

"ನೋಡೂಣು" ಅಂದರು ಕಾಕಾ. ರಜೆಗೆ ಈಗಲೇ ಅರ್ಜಿ ಹಾಕಿದ್ದೇನೆ.