ಗುಂಡಿಯನ್ನು ಒತ್ತುವ ಮುನ್ನ

೧೯೮೮ರಲ್ಲಿ ಹೊರಬಂದ ‘ಮ್ಯಾಥಮ್ಯಾಟಿಕ’ ತಂತ್ರಾಂಶವು ಗಣನೆ, ನಕ್ಷೆ, ವಿವರಣೆ ಈ ಮೂರನ್ನೂ ಒಂದೇ ನೋಟ್‌ಬುಕ್ಕಿನಲ್ಲಿ ಕೂಡಿಸಿತು. ಇಂದು ಅದರ ಮೇಲ್ಪಟ್ಟಿಯಲ್ಲಿ ನಾವೇ ಒಂದು ಗುಂಡಿಯನ್ನು ಇರಿಸಿ, ಬೇರೆ ಕಡತದಲ್ಲಿ ಬರೆದಿಟ್ಟ ‘ಸ್ಕ್ರಿಪ್ಟ್’ ಎಂಬ ಆದೇಶಮಾಲೆಯನ್ನು ಒಮ್ಮೆಲೇ ನಡೆಸಬಹುದು. ಇದರಿಂದ ಶ್ರಮವು ಉಳಿಯುವುದು ನಿಜ, ಎಚ್ಚರವೂ ಉಳಿಯುವುದೇ?

ಲೋಲಕದ ಪ್ರಯೋಗವನ್ನೇ ನೋಡೋಣ. ಉದ್ದ ೧ ಮೀಟರ್, ಆಂದೋಲನದ ಅವಧಿ ೨.೦೧ ಸೆಕೆಂಡು ಆಗಿದ್ದರೆ ಗುರುತ್ವ ವೇಗೋತ್ಕರ್ಷವು ೯.೭೭ ಎಂದು ಬರಬೇಕು. ಹೊಸ ಉದ್ದವನ್ನು ನಮೂದಿಸಲು ಮರೆತೆವೆನ್ನೋಣ. ಹಿಂದಿನ ಲೆಕ್ಕದ ೦.೮೦ ಮೀಟರ್ ಯಂತ್ರದ ಸ್ಮೃತಿಯಲ್ಲಿಯೇ ಇದ್ದರೆ, ಗುಂಡಿಯನ್ನು ಒತ್ತಿದೊಡನೆ ೭.೮೨ ಎಂಬ ಉತ್ತರ ಬರುವುದು. ಯಂತ್ರವು ಯಾವ ಆಕ್ಷೇಪವನ್ನೂ ಎತ್ತುವುದಿಲ್ಲ.

ಗುಂಡಿಯೇ ಬೇಡವೆಂಬುದು ನಮ್ಮ ಅಭಿಪ್ರಾಯವಲ್ಲ. ಆದೇಶಮಾಲೆಯು ಮೊದಲು ಹಳೆಯ ಬೆಲೆಗಳನ್ನೆಲ್ಲ ಅಳಿಸಿ, ಅನಂತರವೇ ಹೊಸ ಅಳತೆಗಳನ್ನು ಓದಿಕೊಳ್ಳಲಿ. ಆಗ ಮರೆತ ಉದ್ದವು ಉತ್ತರದಲ್ಲಿ ಅಂಕಿಯಾಗದೆ ಅಕ್ಷರವಾಗಿಯೇ ಉಳಿದು, ನಮ್ಮ ಮರೆವನ್ನು ತೋರಿಸಿಕೊಡುವುದು. ಇದಕ್ಕೂ ಮಿಗಿಲಾಗಿ, ವಿದ್ಯಾರ್ಥಿಯು ಆ ಆದೇಶಗಳನ್ನು ಒಮ್ಮೆಯಾದರೂ ಸ್ವತಃ ಬರೆದು, ಒಂದು ಲೆಕ್ಕವನ್ನಾದರೂ ಕೈಯಾರೆ ಮಾಡಿರಬೇಕು. ೭.೮೨ನ್ನು ಕಂಡು ಸಂಶಯಪಡಲು ಬೇಕಾದ ಅರಿವನ್ನು ಯಾವ ಗುಂಡಿಯೂ ಕೊಡಲಾರದು.